ಕದೀಜಮ್ಮನ ಸಾಕ್ಷಿ

ಇಳಿಹೊತ್ತಿನ ಅಸರ್ ನಮಾಜಿನ ನಡುವೆ, ಹಣೆ ಚಾಪೆಗೆ ತಾಗಿದ್ದಾಗ, ಕದೀಜಮ್ಮನಿಗೆ ಬಗ್ಗಿ ಏಳುವ ಸುತ್ತುಗಳಲ್ಲಿ ಇದು ಮೂರನೆಯ ರಕಾತೋ ನಾಲ್ಕನೆಯದೋ ಎಂಬುದು ತಪ್ಪಿಹೋಯಿತು. ಅರುವತ್ತು ವರ್ಷ ಬಗ್ಗಿ ಎದ್ದ ಮೈ ಅದು. ತಲೆ ಬೇರೆಲ್ಲೋ ಅಲೆಯುತ್ತಿದ್ದರೂ ಮೈ ತಾನಾಗಿ ಎಣಿಸಿಕೊಳ್ಳುತ್ತದೆ ಎಂದು ಇಷ್ಟು ಕಾಲ ನಂಬಿದ್ದಳು. ಈಗ ಮೈಯೂ ಕೈಕೊಟ್ಟಿತ್ತು. ಸಂಶಯ ಬಂದರೆ ಕಡಿಮೆಯದನ್ನೇ ಹಿಡಿದುಕೊಂಡು ಮುಂದುವರಿಯಬೇಕು ಎಂದು ಸಣ್ಣವಳಿದ್ದಾಗ ಕಲಿಸಿದ್ದರು, ಹಾಗೆಯೇ ಮಾಡಿದಳು. ಎದ್ದು ನಿಲ್ಲುವಾಗ ಅಡುಗೆಕೋಣೆಯಿಂದ ಸೊಸೆ ಮೈಮೂನಾಳ ಮಾತು ಕೇಳಿಸಿತು: “ಅಜ್ಜಿಯದ್ದು ಅಸರು ಆಗಲೇ ಒಮ್ಮೆ ಆಗಿದೆ. ಇದು ಎರಡನೆಯದು.” ಹೇಳಿದ್ದು ಮೊಮ್ಮಗಳು ರುಕಿಯಾಗೆ; ಆದರೆ ಕದೀಜಮ್ಮನಿಗೆ ಕೇಳಿಸದಿರಲಿ ಎಂಬ ಎಚ್ಚರ ಆ ಸ್ವರದಲ್ಲಿರಲಿಲ್ಲ. ಕದೀಜಮ್ಮ ಸಾವಕಾಶ ಮುಗಿಸಿ, ಚಾಪೆ ಮಡಚಿ, ಯಾರೂ ಕೇಳದಿದ್ದರೂ ಗಟ್ಟಿಯಾಗಿ ಹೇಳಿದಳು: “ಹಿಂದೆ ತಪ್ಪಿಹೋದ ಒಂದು ನಮಾಜು ಬಾಕಿ ಇತ್ತು. ಅದನ್ನು ತೀರಿಸಿದ್ದು.” ಹೇಳಿದ ಮೇಲೆ, ನಮಾಜಿನ ಬಾಯಿ ಒಣಗುವ ಮೊದಲೇ ಸುಳ್ಳು ಹೇಳಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಹೀಗೆ ಮುಚ್ಚಿಡುವುದರಲ್ಲಿ ಅವಳು ಒಂದು ವರ್ಷದಿಂದ ಪಳಗಿದ್ದಳು. ಯಾರಾದರೂ ಬಂದರೆ, ಹೆಸರು ನೆನಪಾಗದಿದ್ದರೂ ನಗುವುದು, “ಮನೆಯಲ್ಲಿ ಎಲ್ಲ ಹೇಗುಂಟು?” ಎಂದು ಕೇಳುವುದು; ಮಾತಿನ ನಡುವೆ ಅವರೇ ತಾವು ಯಾರೆಂಬುದನ್ನು ಬಿಟ್ಟುಕೊಡುತ್ತಿದ್ದರು. ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಳ್ಳುವುದು. ಆಮೇಲೆ ಗಂಟು ಯಾಕೆಂದು ಮರೆತು, ಬಿಚ್ಚಲೂ ಹೆದರಿ, ಮೂರು ನಾಲ್ಕು ಗಂಟುಗಳ ಮೇಲೆ ಕೆನ್ನೆ ಒತ್ತಿಕೊಂಡು ಮಲಗುವುದು. ಗಂಜಿಗೆ ಎರಡು ಸಲ ಉಪ್ಪು ಬಿದ್ದ ದಿನ ಮೈಮೂನಾ ಒಂದು ಮಾತೂ ಆಡದೆ ಇಡೀ ಪಾತ್ರೆ ಹೊರಗೆ ಚೆಲ್ಲಿದಳು. ರೇಶನ್ನಿನ ಅಕ್ಕಿ, ಸಿಗುವುದೇ ಕಷ್ಟ. ಮರುದಿನ ಅಕ್ಕಿ ತುಂಬಿಡುವ ಪತ್ತಾಯದ ಬೀಗದಕೈ ಕದೀಜಮ್ಮನ ಸೊಂಟದಿಂದ ಸೊಸೆಯ ಸೊಂಟಕ್ಕೆ ಹೋಯಿತು. “ಈ ಪ್ರಾಯದಲ್ಲಿ ನಿಮಗೆ ಯಾಕೆ ಭಾರ?” ಎಂದಿದ್ದಳು. ಭಾರವಂತೆ! ಇದೇ ಕದೀಜಮ್ಮನ ಬಳಿಗೆ ಪುತ್ತೂರಿನಿಂದ ಸಂಪಾಜೆಯವರೆಗಿನ ಬ್ಯಾರಿ ಮನೆಗಳವರು ಮದುವೆಯ ಮಾತಿಗೆ ಮೊದಲು ಬಂದು ಕೂರುತ್ತಿದ್ದರು. ಆ ಮನೆಗೂ ಈ ಮನೆಗೂ ಎಂತ ಸಂಬಂಧ, ಯಾರ ತಂಗಿ ಯಾರಿಗೆ, ಯಾವ ಹೆಂಗಸು ಯಾರ ಮಗುವಿಗೆ ಹಾಲೂಡಿಸಿದ್ದಳು. ಹಾಲಿನ ಸಂಬಂಧವೆಂದರೆ ರಕ್ತದ ಸಂಬಂಧದ ಹಾಗೆಯೇ. ಗೊತ್ತಿಲ್ಲದೆ ಮದುವೆ ಮಾಡಿಸಿದರೆ ಅಣ್ಣನಿಗೆ ತಂಗಿಯನ್ನು ಕೊಟ್ಟಂತೆ. ಅದನ್ನೆಲ್ಲ ಯಾರೂ ಬರೆದಿಡುವುದಿಲ್ಲ. ಅದು ಇದ್ದದ್ದು ಕದೀಜಮ್ಮನ ತಲೆಯಲ್ಲಿ, ಮತ್ತು ಆ ತಲೆಯ ಬಗ್ಗೆ ಅವಳಿಗೆ ಸ್ವಲ್ಪ ಹೆಚ್ಚೇ ಎನ್ನುವಷ್ಟು ಜಂಬವಿತ್ತು.

ಕಳೆದ ಶುಕ್ರವಾರ ಆದದ್ದೂ ಆ ಜಂಬದಿಂದಲೇ. ರುಕಿಯಾಳನ್ನು ನೋಡಿ ಮಾತು ಗಟ್ಟಿ ಮಾಡಲು ಸಂಪಾಜೆಯಿಂದ ಹುಡುಗನ ಅಪ್ಪ, ಸೋದರತ್ತೆ ಬಂದಿದ್ದರು. ಹುಡುಗ ಮರದ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರು ಎಂದಷ್ಟೇ ಮಗ ಹಸನಬ್ಬ ತಾಯಿಗೆ ಹೇಳಿದ್ದ. ಹಿಂದಿನ ವರ್ಷ ಒಂದು ಸಂಬಂಧ ಕೊನೆಯ ಗಳಿಗೆಯಲ್ಲಿ ಮುರಿದುಬಿದ್ದಿತ್ತಾದ್ದರಿಂದ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ಕದೀಜಮ್ಮ ನಗುತ್ತ ಬಂದು ಕುಳಿತು, ಅಭ್ಯಾಸದಂತೆ, ಮನೆಯಲ್ಲಿ ಎಲ್ಲ ಹೇಗುಂಟು ಎಂದಳು. “ಹುಡುಗನ ತಾಯಿ ಬೀಬಿ ತೀರಿಹೋಗಿ ಹತ್ತು ವರ್ಷ ಆಯಿತಲ್ಲಾ ಕದೀಜಮ್ಮಾ. ನಿಮಗೆ ಗೊತ್ತಿದ್ದವಳೇ. ಮೊದಲು ಅರಂತೋಡಿನಲ್ಲಿ ನಿಮ್ಮ ಆಚೆ ದಡದಲ್ಲಿ ಇದ್ದದ್ದು ನಾವು,” ಎಂದಳು ಆ ಅತ್ತೆ. ಬೀಬಿ! ಎಷ್ಟೋ ದಿನಗಳ ಮೇಲೆ ಒಂದು ಹೆಸರು ಮುಖದ ಸಮೇತ, ಬಲಗೆನ್ನೆಯ ಮಚ್ಚೆಯ ಸಮೇತ ತಾನಾಗಿ ಎದ್ದುಬಂದಿತ್ತು. ಆ ಸಂತೋಷ ತಡೆಯಲಾರದೆ ಕದೀಜಮ್ಮ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು: “ಹಾಗಾದರೆ ಹುಡುಗ ಅಲಿ ಕುಂಞಿಯ ಮಗ ಕಬೀರನಾ? ಅವ ನನ್ನ ಹಾಲು ಕುಡಿದ ಮಗು ಅಲ್ಲವಾ!” ಅತ್ತೆ ಚಾ ಲೋಟವನ್ನು ಕೆಳಗಿಟ್ಟಳು. ಅಲಿ ಕುಂಞಿ ಹಸನಬ್ಬನ ಮುಖ ನೋಡಿದ, ಹಸನಬ್ಬ ನೆಲ ನೋಡಿದ. ಕದೀಜಮ್ಮ ಮಾತ್ರ ನಗುತ್ತಲೇ ಇದ್ದಳು. ತನ್ನ ನೆನಪನ್ನು ಯಾರಾದರೂ ಹೊಗಳುತ್ತಾರೆಂದು ಕಾದಿದ್ದಳು.

ಆದ್ದರಿಂದ ಇವತ್ತು ಮಸೀದಿಯ ಗುರುಗಳು ಮೂಸಕುಂಞಿ ಮುಸ್ಲಿಯಾರರು ಬರುವವರಿದ್ದರು. ಅರಂತೋಡು ಬಿಟ್ಟ ಮೇಲೆ ಕುಂಬ್ರದ ಪೇಟೆಯಲ್ಲಿ ಇಟ್ಟ ಜೀನಸಿನ ಅಂಗಡಿಯನ್ನು ಹಸನಬ್ಬ ಬೇಗ ಮುಚ್ಚಿ ಬಂದ. ಅಲಿ ಕುಂಞಿ ಮಧ್ಯಾಹ್ನದ ಬಸ್ಸಿಗೇ ಬಂದು ಚಾವಡಿಯಲ್ಲಿ ಕುಳಿತಿದ್ದ. ತನ್ನನ್ನು ಕರೆದಾಗ ಕದೀಜಮ್ಮ ಒಗೆದ ತಲೆವಸ್ತ್ರ ಹೊದ್ದು ಬಂದು, ಬೆನ್ನು ನೇರ ಮಾಡಿ ಕುಳಿತಳು. ಪರೀಕ್ಷೆ ಎಂದು ಅವಳಿಗೆ ಗೊತ್ತಿತ್ತು. ಮುಸ್ಲಿಯಾರರು ಒಳ್ಳೆಯವರು, ಅವಸರ ಮಾಡಲಿಲ್ಲ.

“ಕದೀಜಮ್ಮಾ, ಇದು ದೀನಿನ, ಧರ್ಮದ ವಿಷಯ. ನಿಧಾನ ಯೋಚನೆ ಮಾಡಿ ಹೇಳಿ. ಇವರ ಮಗನಿಗೆ ನೀವು ಹಾಲು ಕೊಟ್ಟದ್ದು ಹೌದಾ?”

“ಹೌದು. ನಾನೇ ಕೊಟ್ಟದ್ದು.”

“ಎಷ್ಟು ಸಲ? ಹೊಟ್ಟೆ ತುಂಬಿ ಅವನಾಗಿ ಬಾಯಿ ಬಿಟ್ಟರೆ ಅದು ಒಂದು ಸಲ. ಹಾಗೆ ಐದು ಸಲ ಆಗಿದ್ದರೆ ಅವ ನಿಮಗೆ ಮಗ. ಹಸನಬ್ಬನಿಗೆ ತಮ್ಮ, ರುಕಿಯಾಗೆ ಚಿಕ್ಕಪ್ಪ. ಈ ನಿಕಾಹ್ ಆಗುದಿಲ್ಲ. ಐದು ಆಗದಿದ್ದರೆ ಎಂತ ಅಡ್ಡಿಯೂ ಇಲ್ಲ.”

ಎಷ್ಟು ಸಲ. ಕದೀಜಮ್ಮ ಕಣ್ಣು ಮುಚ್ಚಿದಳು. ಅರಂತೋಡಿನ ಆ ಮಳೆಗಾಲ; ಪಯಸ್ವಿನಿ ಹೊಳೆ ಕೆಂಪಾಗಿ, ದಡದ ಬಿದಿರಮೆಳೆಯನ್ನು ಅಲುಗಿಸುತ್ತ ಹರಿಯುತ್ತಿತ್ತು. ಆಚೆ ದಡದಲ್ಲಿ ಬೀಬಿಗೆ ಹೆರಿಗೆಯಾಗಿ ಇಪ್ಪತ್ತು ದಿನ, ಮೈ ಸುಡುವ ಜ್ವರ. ಮಗುವನ್ನು ಎದೆಗವಚಿಕೊಂಡು ಅಲಿ ಕುಂಞಿ ಹೊಳೆಗೆ ಹಾಕಿದ್ದ ಮರದ ಸಂಕ ದಾಟಿ ಬಂದು, “ಸುಳ್ಯದಿಂದ ಡಾಕ್ಟರನ್ನು ಕರಕೊಂಡು ಬರ್ತೇನೆ, ಅಷ್ಟರವರೆಗೆ ನೋಡಿಕೊಳ್ಳಿ” ಎಂದು ಕೈಗೆ ಕೊಟ್ಟು ಓಡಿದ್ದ. ಅವನು ಹೋದ ಸ್ವಲ್ಪ ಹೊತ್ತಿಗೇ ಸಂಕ ಕೊಚ್ಚಿಕೊಂಡು ಹೋಯಿತು. ಗಂಡ ಮಮ್ಮು ಸಂತೆಗೆ ಹೋಗಿದ್ದ, ಹಸನಬ್ಬ ಆಗ ಮಂಗಳೂರಿನಲ್ಲಿ ಯಾರದೋ ಅಂಗಡಿಯಲ್ಲಿದ್ದ. ಅವಳ ಕಡೆಯ ಕೂಸು, ಮೂರು ತಿಂಗಳ ನಫೀಸಾ, ತೀರಿಹೋಗಿ ಹನ್ನೆರಡು ದಿನವಾಗಿತ್ತು, ಎದೆ ಕಲ್ಲಿನಂತೆ ಬಿಗಿದು ನೋಯುತ್ತಿತ್ತು. ಬೇಲಿಯಾಚೆಯ ದೇವಮ್ಮ, ಗೌಡರ ಮನೆಯ ದೇವಮ್ಮ, ತನ್ನ ಆರು ತಿಂಗಳ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಓಡಿಬಂದಿದ್ದಳು. ಅವಳಿಗೂ ಹಾಲಿತ್ತು. ಅವಳ ಮನೆಯ ಆಡಿನ ಹಾಲೂ ಇತ್ತು. ಇಲ್ಲಿಯವರೆಗೆ ಎಲ್ಲ ಬೆಳಕು ಬಿದ್ದಷ್ಟು ಸ್ಪಷ್ಟ. ಆಮೇಲೆ ಯಾರು ಕುಡಿಸಿದರು, ಎಷ್ಟು ಕುಡಿಸಿದರು? ಮಗುವಿನ ಬಾಯಿ ಕಾಣುತ್ತದೆ, ಅದು ಯಾರ ಎದೆಯಲ್ಲಿ ಎಂಬುದು ಕಾಣುವುದಿಲ್ಲ. ಬಾಗಿಲು ಇದ್ದಲ್ಲಿ ಗೋಡೆ ಸಿಕ್ಕಂತಾಯಿತು.

“ಮೂರು,” ಎಂದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ಹೇಳಿದ್ದು ಸಾಲದೇನೋ ಅನಿಸಿತು. “ಅಲ್ಲ, ಏಳು. ಏಳು ಸಲ.”

“ಉಮ್ಮ, ಮೂರಾ ಏಳಾ?” ಹಸನಬ್ಬ ಕೇಳಿದ.

ನೆನಪಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಒಂದು ಮಾತು ನಾಲಗೆಯ ತುದಿಯವರೆಗೆ ಬಂತು. ಅಡುಗೆಕೋಣೆಯ ಬಾಗಿಲ ಸಂದಿಯಲ್ಲಿ ಮೈಮೂನಾಳ ಸೀರೆ ಕಂಡಿತು. ಮಾತು ಹಿಂದೆ ಹೋಯಿತು. “ನನ್ನನ್ನು ಯಾಕೆ ಹೀಗೆ ಕಳ್ಳಿಯ ಹಾಗೆ ಕೇಳುದು?” ಎಂದು ಕದೀಜಮ್ಮ ಸ್ವರ ಏರಿಸಿದಳು. “ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ಅರಂತೋಡಿಗೆ ಹೋಗಿ. ದೇವಮ್ಮನನ್ನು ಕೇಳಿ. ಅವಳು ಪಕ್ಕದಲ್ಲೇ ಇದ್ದವಳು, ಅವಳಿಗೆ ಎಲ್ಲ ಗೊತ್ತುಂಟು.”

ಮುಸ್ಲಿಯಾರರು ಹಸನಬ್ಬನ ಕಡೆ ನೋಡಿದರು. ಆಮೇಲೆ ಹಸನಬ್ಬ, ಸಣ್ಣ ಮಗುವಿಗೆ ಹೇಳುವ ಹಾಗೆ ಮೆತ್ತಗೆ, ಅದೇ ಮೆತ್ತಗಿನ ದನಿ ಅವಳಿಗೆ ಹೊಡೆದಂತಾಯಿತು, ಹೇಳಿದ: “ಉಮ್ಮ, ದೇವಮ್ಮ ತೀರಿಹೋಗಿ ಮೂರು ವರ್ಷ ಆಯಿತು. ನಾನೇ ನಿಮ್ಮನ್ನು ಬಸ್ಸಿನಲ್ಲಿ ಕರಕೊಂಡು ಹೋಗಿದ್ದೆ. ನೀವು ಅವರ ಕಾಲ ಹತ್ತಿರ ಕೂತು ಅತ್ತಿದ್ದಿರಿ.”

ಮುಸ್ಲಿಯಾರರು ಗಡ್ಡ ನೀವಿಕೊಂಡು ಎದ್ದರು. ಸಂಶಯವಿದ್ದಲ್ಲಿ ಕಡಿಮೆಯ ಲೆಕ್ಕವನ್ನೇ ಹಿಡಿಯುವುದೆಂದೂ, ಅಜ್ಜಿಗೆ ಪ್ರಾಯವಾಯಿತೆಂದೂ, ಆ ಮಾತನ್ನು ಹಿಡಿದುಕೊಂಡು ಮದುವೆ ನಿಲ್ಲಿಸಬೇಕಾಗಿಲ್ಲವೆಂದೂ ಹೇಳಿದರು. ಅಲಿ ಕುಂಞಿ ದೊಡ್ಡದಾಗಿ ಉಸಿರುಬಿಟ್ಟ. “ಬಿಡಿ ಮಾರಾಯ್ರೆ, ಗಂಡಸರಿಗೆ ಇದೆಲ್ಲ ಎಂತ ಗೊತ್ತಾಗ್ತದೆ?” ಎಂದ. ಚಾ ಬಂತು. ತಾರೀಕಿನ ಮಾತು ಶುರುವಾಯಿತು. ಕದೀಜಮ್ಮ ಅಲ್ಲೇ ಬೆನ್ನು ನೇರ ಮಾಡಿಕೊಂಡೇ ಕುಳಿತಿದ್ದಳು; ಅವಳು ಅಲ್ಲಿರುವುದು ಯಾರಿಗೂ ಅಡ್ಡಿಯಾಗಲಿಲ್ಲ. ತನ್ನ ಮಾತನ್ನು ಸುಳ್ಳು ಎಂದಿದ್ದರೆ ಜಗಳವಾಡಬಹುದಿತ್ತು. ಅವರು ಅದನ್ನು ಮಾತೆಂದೇ ಎಣಿಸಿರಲಿಲ್ಲ. ಆಮೇಲೆ ಹಿತ್ತಲ ಕಡೆಯ ಕಲ್ಲಿನ ಮೇಲೆ ಕುಳಿತು ದೇವಮ್ಮನಿಗಾಗಿ ಅತ್ತಳು. ಮೂರು ವರ್ಷದ ಹಳೆಯ ಸಾವು ಅವಳ ಪಾಲಿಗೆ ಆ ಸಂಜೆಯದ್ದು. ದೇವಮ್ಮ ಹೋದದ್ದಕ್ಕೆ ಅತ್ತದ್ದೆಷ್ಟು, ಹೋದದ್ದನ್ನು ತಾನು ಮರೆತದ್ದಕ್ಕೆ ಅತ್ತದ್ದೆಷ್ಟು ಎಂದು ಅವಳಿಗೇ ಗೊತ್ತಾಗಲಿಲ್ಲ. ಹಾಗೆ ಅಳುತ್ತಿದ್ದಾಗ ಮೈಮೂನಾ ಬಂದು, “ಒಳಗೆ ಬನ್ನಿ, ಯಾರಾದರೂ ನೋಡಿದರೆ ನಾವು ಎಂತ ಮಾಡಿದೆವು ಅಂತ ಗ್ರಹಿಸುದಿಲ್ಲವಾ?” ಎಂದು ರಟ್ಟೆ ಹಿಡಿದು ಎಬ್ಬಿಸಿದಳು.

ಮರುದಿನವೋ ಅದರ ಮರುದಿನವೋ ರುಕಿಯಾ ಅಜ್ಜಿಯ ತಲೆಗೆ ಎಣ್ಣೆ ಹಾಕಿ ಬಾಚುತ್ತಿದ್ದಳು. ಈ ಹುಡುಗಿಯ ಕೈ ಮಾತ್ರ ಕದೀಜಮ್ಮನಿಗೆ ಯಾವತ್ತೂ ಅಪರಿಚಿತವಾಗಿರಲಿಲ್ಲ. ಹೆಸರು ಒಂದೊಂದು ಸಲ ತಪ್ಪುತ್ತಿತ್ತು, ಕೈ ತಪ್ಪುತ್ತಿರಲಿಲ್ಲ. ಹದಿನೇಳರ ಹುಡುಗಿ ಮದುವೆ ಗೊತ್ತಾದಂದಿನಿಂದ ಕೊಡಪಾನ ಹೊತ್ತು ಬರುವಾಗಲೂ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಪುತ್ತೂರಿನಲ್ಲಿ ಬಸ್ಸು ಕಾಯುತ್ತಿದ್ದಾಗ ಹುಡುಗನನ್ನು ದೂರದಿಂದ ಒಮ್ಮೆ ನೋಡಿದ್ದಳಂತೆ, ಅಷ್ಟೇ. ಆ ಅಷ್ಟರಲ್ಲೇ ಒಂದು ಮನೆ ಕಟ್ಟಿಕೊಂಡಿದ್ದಳು. “ಅಜ್ಜಿ,” ಎಂದಳು ಸಿಕ್ಕು ಬಿಡಿಸುತ್ತ, “ನಿಮಗೆ ನಿಜವಾಗಿ ನೆನಪಿಲ್ಲವಾ?” ಕದೀಜಮ್ಮ ಥಟ್ಟನೆ ಹೇಳಿದಳು: “ಯಾರು ಹೇಳಿದ್ದು? ನನಗೆ ಎಲ್ಲ ನೆನಪುಂಟು.” ಕೂದಲಿನಲ್ಲಿ ಬಾಚಣಿಗೆ ನಿಂತಿತು. ಆ ಹುಡುಗಿ ತನಗೆ ಹೆದರುತ್ತಿದ್ದಾಳೆಂದು ಕದೀಜಮ್ಮನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಮರೆವಿಗೆ ಮನೆಯವರು ಹೇಸುವುದನ್ನು ಕಂಡಿದ್ದಳು; ತನ್ನ ನೆನಪಿಗೆ ಹೆದರುವವರನ್ನು ಇದೇ ಮೊದಲು ಕಂಡದ್ದು. ತಿರುಗಿ ಏನಾದರೂ ಹೇಳಬೇಕೆಂದುಕೊಂಡಳು. ಹೇಳುವಷ್ಟರಲ್ಲಿ ಯಾಕೆ ತಿರುಗಿದೆನೆಂಬುದು ಮರೆತುಹೋಯಿತು.

ಮದುವೆಯ ದಿನ ಬೆಳಗ್ಗಿನಿಂದ ಅವಳನ್ನು ಒಳಕೋಣೆಯಲ್ಲಿ ಕೂರಿಸಿದರು. ಉದ್ದ ತೋಳಿನ ಹೊಸ ಕುಪ್ಪಾಯ ತೊಡಿಸಿ, ಕಣ್ಣಿಗೆ ಸುರುಮ ಹಚ್ಚಿ, ಗದ್ದಲ ಅಜ್ಜಿಗೆ ಆಗುವುದಿಲ್ಲ ಎಂದು ಬಂದವರಿಗೆಲ್ಲ ಹೇಳಿ, ಮೈಮೂನಾ ಹೊರಗಿನಿಂದ ಚಿಲಕ ಹಾಕಿದಳು. ಗದ್ದಲ ಆಗದಿರುವುದು ಅಜ್ಜಿಗಲ್ಲ ಎಂದು ಕದೀಜಮ್ಮನಿಗೂ ಗೊತ್ತಿತ್ತು. ಬಂದವರ ನಡುವೆ ಹೋಗಿ ಮತ್ತೆ ಬಾಯಿಬಿಟ್ಟರೆ? ಎಷ್ಟು ಮದುವೆಗಳಿಗೆ ಮುಂದೆ ನಿಂತವಳು! ಗೋಡೆಯಾಚೆಯಿಂದ ಹೆಂಗಸರ ನಗು, ಬಳೆಯ ಸದ್ದು, ತುಪ್ಪದನ್ನದ ಪರಿಮಳ ಬರುತ್ತಿದ್ದವು. ಯಾರ ಮದುವೆಯೆಂಬುದು ನಡುನಡುವೆ ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಚಿಲಕ ತೆಗೆದು ಯಾರೋ ಒಬ್ಬಳು ತಾಯಿ, ನೆಂಟರ ಪೈಕಿಯವಳೋ ನೆರೆಯವಳೋ, ನಿದ್ದೆಹೋದ ಎಳೆಮಗುವೊಂದನ್ನು ತಂದು ಪಕ್ಕದಲ್ಲಿ ಮಲಗಿಸಿದಳು. “ಸ್ವಲ್ಪ ನೋಡಿಕೊಳ್ಳಿ ಅಜ್ಜಿ, ಮದುಮಗಳ ಹತ್ತಿರ ಹೋಗಿ ಬರ್ತೇನೆ,” ಎಂದು ಹೋದವಳು ಬರಲಿಲ್ಲ. ಮಗು ಎದ್ದಿತು. ಮೊದಲು ಮುಲುಕಿತು, ಆಮೇಲೆ ಮುಖ ಕೆಂಪು ಮಾಡಿಕೊಂಡು ಕಿರುಚಿತು. ಕದೀಜಮ್ಮ ಕರೆದಳು, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಎತ್ತಿಕೊಂಡಳು. ಹಸಿದ ಮಗು ಬಟ್ಟೆಯ ಮೇಲಿನಿಂದಲೇ ಅವಳ ಬತ್ತಿದ ಎದೆಯನ್ನು ಮೂಗಿನಿಂದ ತಡಕಿ, ಬಾಯಿ ಹಾಕಿ ಜೋರಾಗಿ ಎಳೆಯಿತು.

ಮೈಯೊಳಗೆ ಎಲ್ಲೋ ನೋವು ಚಳಕ್ಕೆಂದಿತು. ಆ ದಿನವೂ ಹೀಗೆಯೇ, ಮಧ್ಯಾಹ್ನದ ಲುಹರ್ ನಮಾಜಿನ ಹೊತ್ತು. ಬಿಗಿದ ಎದೆಯಿಂದ ಹಾಲು ಚಿಮ್ಮಿ ಮಗುವಿನ ಕಣ್ಣಿಗೆ ಬಿದ್ದು ಅದು ಬೆಚ್ಚಿತ್ತು. ಇದಕ್ಕೆ ಮೊದಲು ದೇವಮ್ಮ ತಾನು ಕೊಡುತ್ತೇನೆಂದು ಎದೆಗಿಟ್ಟುಕೊಂಡಿದ್ದಳು. ಮಗು ಮುಖ ತಿರುಗಿಸಿತ್ತು. “ಇವಂಗೆ ನನ್ನ ಹಾಲ್ ಬೇಡ ಗಡ, ನೀನೇ ಕೊಡ್ ಕದೀಜಾ,” ಎಂದು ನಕ್ಕಿದ್ದಳು ದೇವಮ್ಮ. ಆಡಿನ ಹಾಲನ್ನು ಬಟ್ಟೆಯ ಬತ್ತಿಯಲ್ಲಿ ಬಾಯಿಗಿಟ್ಟರೆ ಉಗಿದಿತ್ತು. ಕದೀಜಮ್ಮನ ಎದೆಯಲ್ಲಿ ಮಾತ್ರ ಹೊಟ್ಟೆ ತುಂಬ ಕುಡಿದು, ತಾನಾಗಿ ಬಿಟ್ಟು, ಅವಳ ಹೆಗಲ ಮೇಲೆ ಕಕ್ಕಿತ್ತು. ಕಕ್ಕಿದ್ದು ತಾಗಿದ ಬಟ್ಟೆಯಲ್ಲಿ ನಮಾಜು ಆಗದೆಂದು ಕುಪ್ಪಾಯ ಬದಲಿಸಿ, ಅಂಗಸ್ನಾನ ಮಾಡಿ ನಮಾಜಿಗೆ ನಿಂತಿದ್ದಳು. ಅಸರಿಗೆ ಮೊದಲು ಮತ್ತೆ ಕುಡಿಯಿತು, ಮತ್ತೆ ಕಕ್ಕಿತು, ಇನ್ನೊಂದು ಕುಪ್ಪಾಯ. ಸಂಜೆ ಮಗ್ರಿಬಿಗೆ ಮೊದಲೂ ಹಾಗೆಯೇ; ಒಣಗಿದ ಕುಪ್ಪಾಯ ಉಳಿಯದೆ ದೇವಮ್ಮನ ರವಕೆ ತೊಟ್ಟು ನಮಾಜು ಮಾಡಿದ್ದಳಲ್ಲ! ಅದನ್ನು ಹೇಳಿಕೊಂಡು ಇಬ್ಬರೂ ಎಷ್ಟು ವರ್ಷ ನಕ್ಕಿದ್ದರು. ರಾತ್ರಿ ಇಶಾಕ್ಕೆ ಒಮ್ಮೆ. ಬೆಳಗಿನ ಜಾವ ಸುಬಹಿಗೆ ಒಮ್ಮೆ, ಆ ನಮಾಜು ಮುಗಿಸಿ ತಿರುಗುವಾಗ ಡಾಕ್ಟರನ್ನು ಬೀಬಿಯ ಬಳಿ ಬಿಟ್ಟು, ಮೇಲಿನ ದೋಣಿಕಡವಿನಿಂದ ಸುತ್ತಿ ಬಂದ ಅಲಿ ಕುಂಞಿ ಬಾಗಿಲಲ್ಲಿ ನಿಂತಿದ್ದ. ಐದು ನಮಾಜು, ಐದು ಸಲ. ಒಂದೂ ಕಡಿಮೆಯಿಲ್ಲ. ಇನ್ನೂ ಒಂದು ನೆನಪಾಯಿತು, ಯಾರಿಗೂ ಹೇಳದೆ ಇಟ್ಟುಕೊಂಡದ್ದು: ಆ ಒಂದು ದಿನ ಪ್ರತಿ ನಮಾಜಿನಲ್ಲೂ ಅವಳು ಬೇಡಿದ್ದು ಬೀಬಿಯ ಜ್ವರ ಇಳಿಯಲಿ ಎಂದಲ್ಲ, ಹೊಳೆ ಇಳಿಯದಿರಲಿ ಎಂದು. ಮಗು ತನ್ನಲ್ಲೇ ಉಳಿಯಲಿ ಎಂದು. ಆಚೆ ದಡದಲ್ಲಿ ಒಬ್ಬಳು ಬಾಣಂತಿ ಸಾಯುತ್ತಿದ್ದರೂ.

ಮಗು ಎಳೆದೆಳೆದು ಏನೂ ಸಿಗದೆ ಮತ್ತೆ ಅಳತೊಡಗಿತು. ಕದೀಜಮ್ಮನೂ ಅಳುತ್ತಿದ್ದಳು. ತಪ್ಪಿಹೋಗಿದ್ದ ತನ್ನನ್ನು ಯಾರೋ ಕೈಹಿಡಿದು ಮನೆಗೆ ತಂದುಬಿಟ್ಟಂತಿತ್ತು; ಇಷ್ಟು ಸಂತೋಷ ಅವಳಿಗೆ ಆಗಿ ಎಷ್ಟೋ ಕಾಲವಾಗಿತ್ತು. ಮರುಗಳಿಗೆಗೆ ಈ ಸಂತೋಷದ ಬೆಲೆ ಏನೆಂದು ತಿಳಿಯಿತು. ಅಷ್ಟರಲ್ಲಿ ಚಿಲಕ ಸರಿಯಿತು. ಹಸನಬ್ಬ. ಬಿಳಿ ಅಂಗಿ, ತಲೆಗೆ ಹೊಸ ಮುಂಡಾಸು, ಮೈತುಂಬ ಅತ್ತರು. ಹಿಂದೆಯೇ ಬಂದ ಆ ತಾಯಿ ನಾಚಿಕೊಳ್ಳುತ್ತ ಮಗುವನ್ನು ಎತ್ತಿಕೊಂಡು ಹೋದಳು. ಹಸನಬ್ಬ ಕದೀಜಮ್ಮನ ಕಾಲ ಬಳಿ ನೆಲದಲ್ಲೇ ಕುಳಿತು ಅವಳ ಕೈ ಹಿಡಿದುಕೊಂಡ.

“ಉಮ್ಮ, ಚಪ್ಪರದಲ್ಲಿ ಎಲ್ಲರೂ ಕೂತಿದ್ದಾರೆ. ನಾನು ನಿಕಾಹ್ ಮಾಡಿಕೊಡ್ಲಿಕ್ಕೆ ಹೋಗ್ತಾ ಇದ್ದೇನೆ.” ಬಾಗಿಲ ಕಡೆ ಒಮ್ಮೆ ನೋಡಿದ. “ಮುಸ್ಲಿಯಾರರು ಅಡ್ಡಿಯಿಲ್ಲ ಅಂತ ಹೇಳಿದ್ದಾರೆ. ಆದರೂ ನನಗೆ ನಾಲ್ಕು ದಿನದಿಂದ ನಿದ್ದೆ ಇಲ್ಲ. ನೀವು ಇಷ್ಟು ವರ್ಷದಲ್ಲಿ ಒಂದು ಸಂಬಂಧವನ್ನೂ ತಪ್ಪಿ ಹೇಳಿದವರಲ್ಲ. ನಿಮಗೆ ಎಂತಾದರೂ ಹೇಳುದುಂಟಾ? ಉಂಟಾದರೆ ಈಗ ಹೇಳಿ. ನೀವು ಹೇಳಿದ ಹಾಗೆ ನಾನು ಕೇಳ್ತೇನೆ. ಯಾರು ಎಂತ ಬೇಕಾದರೂ ಹೇಳ್ಲಿ.”

ಕದೀಜಮ್ಮ ಮಗನ ಮುಖ ನೋಡಿದಳು. ಈ ಒಂದು ವರ್ಷದಲ್ಲಿ ತನ್ನ ಉತ್ತರಕ್ಕೆ ತೂಕವಿದೆ ಎಂಬಂತೆ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಐದು ಎಂದರೆ ಸಾಕು, ಅವಳು ಮತ್ತೆ ಕದೀಜಮ್ಮ. ಅವಳ ಮಾತಿಗೆ ಚಪ್ಪರಕ್ಕೆ ಚಪ್ಪರವೇ ಎದ್ದು ನಿಲ್ಲುತ್ತದೆ. ದೇವಮ್ಮನ ರವಕೆಯ ಕಥೆ ಹೇಳಿದರೆ ಮುಸ್ಲಿಯಾರರೂ ತಲೆಬಾಗಲೇಬೇಕು. ಗೋಡೆಯಾಚೆ ಹೆಂಗಸರ ನಡುವಿನಿಂದ ರುಕಿಯಾಳ ದನಿ ಕೇಳಿಸಿತು, ಯಾರೋ ಛೇಡಿಸಿದ್ದಕ್ಕೆ ಸಣ್ಣದಾಗಿ ನಕ್ಕದ್ದು. ಪಾಪವಿದ್ದರೆ ಅದು ಗೊತ್ತಿದ್ದವರಿಗೆ. ಈ ಮನೆಯಲ್ಲಿ ಗೊತ್ತಿದ್ದದ್ದು ತನಗೊಬ್ಬಳಿಗೇ. ನಾಳೆ ಪರಲೋಕದಲ್ಲಿ ಕೇಳಿದಾಗ ಮರೆತಿದ್ದೆ ಎನ್ನುವ ಹಾಗೂ ಇಲ್ಲ. ಕೈ ಬಿಡಿಸಿಕೊಂಡು, ಮಗನ ಅಂಗಿಯ ಕಾಲರನ್ನು ಸರಿಮಾಡಿ, ಅವಳು ಕೇಳಿದಳು:

“ಯಾರ ಮದುವೆ ಮಗಾ ಇವತ್ತು?”

ಹಸನಬ್ಬ ಒಂದು ಗಳಿಗೆ ಅವಳನ್ನೇ ನೋಡಿದ. “ರುಕಿಯಾಳದ್ದು, ಉಮ್ಮ.”

“ಯಾವ ರುಕಿಯಾ?”

ಅವನ ಭುಜಗಳು ಇಳಿದವು. ಮುಖದಲ್ಲಿ ಮೊದಲು ಬಂದದ್ದು ನೆಮ್ಮದಿ, ಆಮೇಲೆ ಆ ನೆಮ್ಮದಿಗೆ ನಾಚಿಕೆ, ಆಮೇಲೆ ಅಳು. “ಎಂತ ಇಲ್ಲ ಉಮ್ಮ, ನೀವು ಕೂತುಕೊಳ್ಳಿ. ಊಟ ಇಲ್ಲಿಗೇ ಕಳಿಸ್ತೇನೆ,” ಎಂದು ಅವಳ ಹಣೆಗೆ ಮುತ್ತಿಟ್ಟು ಎದ್ದ. ಹೋಗುವಾಗ ಚಿಲಕ ಹಾಕಲಿಲ್ಲ. ಬಾಗಿಲನ್ನು ಮುಚ್ಚಲೂ ಇಲ್ಲ. ಇನ್ನು ಅದರ ಅಗತ್ಯ ಅವನಿಗೆ ಕಂಡಿರಲಿಕ್ಕಿಲ್ಲ. ಚಪ್ಪರದ ಗದ್ದಲ ನಿಂತಿತು. ಮೂಸಕುಂಞಿ ಮುಸ್ಲಿಯಾರರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದತೊಡಗಿದ್ದು ತೆರೆದ ಬಾಗಿಲಿನಿಂದ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಚಪ್ಪರಕ್ಕೆ ಇಪ್ಪತ್ತು ಹೆಜ್ಜೆ ಇರಬಹುದು, ಹೆಚ್ಚಿಲ್ಲ. ಎದ್ದು ಹೋಗಿ ಹೇಳಲು ಇನ್ನೂ ಹೊತ್ತಿತ್ತು. ಕದೀಜಮ್ಮನಿಗೆ ಎಲ್ಲವೂ ನೆನಪಿತ್ತು. ಅವಳು ಕುಳಿತೇ ಇದ್ದಳು.